ಪದ ಪರಿಚಯ: ಮರಿ ಪೈಲ್ವಾನ

ಹಳಿಯಾಳ ಕುಸ್ತಿಗೆ ಹೆಸರಾದ ಊರು. ಕಣದ ಸುತ್ತ ಕೂತ ಅಭಿಮಾನಿಗಳು ಎಳೆಯ ಪಟುಗಳನ್ನು ತೂಗಿ ನೋಡಿ, ಮುಂದೆ ಯಾರು ಮೇಲೇರಬಹುದೆಂದು ವಾದಿಸುವಾಗ ಒದಗುವ ಮಾತು ‘ಮರಿ ಪೈಲ್ವಾನ’. ‘ಪೈಲ್ವಾನ’ ಪಾರಸಿಯ ‘ಪಹಲವಾನ್’ನಿಂದ ಬಂದದ್ದು, ಅದರ ಬೇರು ಪಾರ್ಥಿಯನ್ನರ ಹೆಸರಾದ ‘ಪಹ್ಲವ’. ಪಾರಸಿ ಕವಿ ಫಿರ್ದೌಸಿಯ ‘ಶಾನಾಮೆ’ ಕಾವ್ಯದಲ್ಲಿ ‘ಪಹಲವಾನ್’ ವೀರನ ಬಿರುದು. ‘ಮರಿ’ ಅಚ್ಚಗನ್ನಡ: ಆಡಿನದಾಗಲಿ ಆನೆಯದಾಗಲಿ, ಎಳೆಯ ಪ್ರಾಣಿ. ಗಳಿಸಬೇಕಾದ ಬಿರುದಿಗೆ ಬೆಳೆಯುವ ಹಂತ ಕೂಡಿಕೊಂಡು ಹುಟ್ಟಿದ ಈ ಜೋಡುಪದ ಭರವಸೆಯನ್ನು ಹೇಳುತ್ತದೆ, ತೀರ್ಪನ್ನು ಮುಂದಕ್ಕೆ ಬಿಡುತ್ತದೆ.

ಎಳೆಯರಿಗೆ ಹೀಗೆ ಮೇಲು ಕೀಳಿನ ಸ್ಥಾನ ಕೊಡುವುದೇ ತಪ್ಪೆಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು, ಅವರ ಆಫ್ರಿಕಾ ಮೂಲವನ್ನು ನಂಬಿ, ಅಥ್ಲೆಟಿಕ್ಸ್‌ಗೆ ಆರಿಸಿತು. ಪದಕಗಳು ಬಂದವು, ಆದರೆ 1990ರ ದಶಕದಲ್ಲಿ ಯೋಜನೆ ನಿಂತು ಹಲವರ ಓಟ ಅರ್ಧಕ್ಕೇ ಉಳಿಯಿತು. ಹುಟ್ಟನ್ನೇ ಅಳತೆಗೋಲು ಮಾಡಿದ್ದು, ನಡುವೆ ಕೈಬಿಟ್ಟದ್ದು ಅಲ್ಲಿನ ತಪ್ಪು. ಆದರೆ ಪಟ್ಟು, ದಮ್ಮು, ಸೋತ ಮೇಲಿನ ತಾಲೀಮು ಇವನ್ನು ನೋಡಿ ತನ್ನ ಎಣಿಕೆಯನ್ನು ತಿದ್ದುತ್ತಾ ಹೋಗುವ ಅಭಿಮಾನಿಯ ವಾದ ನ್ಯಾಯವಾದದ್ದು. ಮರಿಯೆಂದು ಕರೆದವರಿಗೆ ಅದನ್ನು ಸಾಕಿ ಬೆಳೆಸುವ ಹೊಣೆಯೂ ಇದೆ.