ಬಂದವರು ಕಟ್ಟಿದ ಊರು: ದೇವನಹಳ್ಳಿಯ ಜನಸಮುದಾಯಗಳು ಮತ್ತು ಸ್ಥಳೀಯ ಧರ್ಮಸಭೆ

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಮನೆಮನೆಯ ಸಮೀಕ್ಷೆಯನ್ನು ಆರಂಭಿಸಿದಾಗ, ಜಾತಿಯ ಹೆಸರಿಗೆ ‘ಕ್ರಿಶ್ಚಿಯನ್’ ಎಂಬ ಪದವನ್ನು ಜೋಡಿಸಿದ್ದ ನಮೂದುಗಳು ದೊಡ್ಡ ವಿವಾದಕ್ಕೆ ಎಡೆಮಾಡಿದವು. ಆ ದಿನಗಳಲ್ಲೊಮ್ಮೆ ಭಾನುವಾರದ ಬಲಿಪೂಜೆಯ ನಂತರ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಸ್ವಾಮಿ, ನಾವು ಯಾರು ಅಂತ ಬರೆಸಬೇಕು?” ಕ್ರಿಸ್ತರಲ್ಲಿ ಭೇದವಿಲ್ಲ, ಕ್ರೈಸ್ತರೆಂದಷ್ಟೇ ಬರೆಸಿ ಎಂದೆ. ಅವರು ತಲೆಯಾಡಿಸಿ ಹೊರಟುಹೋದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದ 13ನೇ ಅಧ್ಯಾಯದ ಆರಂಭದಲ್ಲಿ ಸಂತ ಲೂಕರು ಅಂತಿಯೋಕ್ಯ ಸಭೆಯ ಐವರು ಪ್ರವಾದಿ–ಬೋಧಕರನ್ನು ಹೆಸರಿಸುತ್ತಾರೆ. ಅವರಲ್ಲಿ ಕರಿಯನೆಂದು ಕರೆಯಲ್ಪಡುತ್ತಿದ್ದ ಸಿಮೆಯೋನನಿದ್ದಾನೆ, ಉತ್ತರ ಆಫ್ರಿಕಾದ ಕುರೇನ್ಯದಿಂದ ಬಂದ ಲೂಸಿಯನಿದ್ದಾನೆ, ಹೆರೋದನ ಜೊತೆಯಲ್ಲಿ ಬೆಳೆದ ಮೆನಹೇನನೂ ಇದ್ದಾನೆ. ಎಲ್ಲರೂ ಒಂದೇ ಸಭೆಯವರಾದ ಮೇಲೆ ಊರು, ಬಣ್ಣ, ಮನೆತನಗಳ ಮಾತೇಕೆ ಎಂದು ಲೂಕರು ಭಾವಿಸಲಿಲ್ಲ. ಯಾರು ಎಲ್ಲಿಂದ ಬಂದವರೆಂಬುದು ಆ ಸಭೆಯ ನೆನಪಿನ ಭಾಗವಾಗಿತ್ತು. ಅದೇ ಕಣ್ಣಿನಿಂದ ನಮ್ಮ ಪಕ್ಕದ ಒಂದು ಊರನ್ನು ನೋಡುವುದು ಈ ಲೇಖನದ ಉದ್ದೇಶ.

ಆವತಿಯಿಂದ ಬಂದ ಒಡೆಯರು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ 2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ ಪಟ್ಟಣ. ಇದರ ಸ್ಥಾಪನೆಯ ಕಥೆ ಆರಂಭವಾಗುವುದು ಸಮೀಪದ ಆವತಿ ಗ್ರಾಮದಲ್ಲಿ. ಮೊರಸು ಒಕ್ಕಲಿಗರ ಐತಿಹ್ಯದ ಪ್ರಕಾರ ರಣಬೈರೇಗೌಡನ ಕುಟುಂಬವು ಕಂಚಿಯ ಸೀಮೆಯಲ್ಲಿತ್ತು. ಅಲ್ಲಿನ ಪಾಳೆಯಗಾರನೊಬ್ಬನು ಮನೆಮಗಳಾದ ದೊಡ್ಡಮ್ಮನನ್ನು ಬಲವಂತವಾಗಿ ಮದುವೆಯಾಗಲು ಬಯಸಿದಾಗ, ಇಡೀ ಬಳಗವು ಬಂಡಿಗಳಲ್ಲಿ ಓಡಿಬಂದಿತು. ಬೆನ್ನಟ್ಟಿದವರಿಗೆ ಸಿಗದಂತೆ ತುಂಬಿದ ಹೊಳೆಯು ಅವರಿಗೆ ದಾರಿ ಬಿಟ್ಟಿತು. ವಿಮೋಚನಕಾಂಡವನ್ನು ಓದಿದವರಿಗೆ ಈ ಕಥೆ ತೀರ ಅಪರಿಚಿತವೆನಿಸದು.

ಆವತಿಯಲ್ಲಿ ನೆಲೆನಿಂತ ಈ ವಂಶದ ಮಲ್ಲಬೈರೇಗೌಡನು 1501ರಲ್ಲಿ ದೇವನದೊಡ್ಡಿ ಎಂಬಲ್ಲಿ ಕೋಟೆ ಕಟ್ಟಿದನು, ಅದೇ ದೇವನಹಳ್ಳಿ. ಬೆಂಗಳೂರನ್ನು ಕಟ್ಟಿದ ಯಲಹಂಕ ನಾಡಪ್ರಭುಗಳೂ ಇದೇ ಬುಡದ ಕವಲು. ಮೊರಸು ಒಕ್ಕಲಿಗರಲ್ಲಿ ಇಂದಿಗೂ ತೆಲುಗು ಮನೆಮಾತಿನವರೂ ಕನ್ನಡ ಮನೆಮಾತಿನವರೂ ಇದ್ದಾರೆ. ಇಂದು ಈ ನೆಲದ ಮೂಲ ಒಡೆಯರೆಂದು ಎಲ್ಲರೂ ಒಪ್ಪುವ ಸಮುದಾಯವು ತನ್ನ ಕಥೆಯನ್ನು ತಾನೇ ಹೇಳುವಾಗ, ಓಡಿಬಂದವರು ನಾವು ಎಂದೇ ಆರಂಭಿಸುತ್ತದೆ.

ಪೇಟೆಯನ್ನು ತುಂಬಿದವರು

ಆಮೇಲೆ ಬಂದವರು ಹಲವರು. 1638ರಲ್ಲಿ ವಿಜಾಪುರದ ಸೇನಾಪತಿ ರಣದುಲ್ಲಾಖಾನನು ಬೆಂಗಳೂರನ್ನು ಗೆದ್ದ ಬಳಿಕ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳು ಶಹಾಜಿ ಭೋಸಲೆಯ ಜಹಗೀರಿಗೆ ಸೇರಿದವು. ಮರಾಠಿ ಮನೆಮಾತಿನ ಕುಟುಂಬಗಳು ಈ ಪೇಟೆಗಳಿಗೆ ಬಂದವು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಸುಬಾದ ಕೇಂದ್ರವಾಗಿಸಿದರು. ಅವರ ಆಡಳಿತ ಮತ್ತು ಸೈನ್ಯಗಳೊಡನೆ ದಖನಿ ಉರ್ದು ಬೇರೂರಿತು. ತಮಿಳು ಸೀಮೆಯ ಮೂಲವಿರುವ ತಿಗಳರು ಹೊಸಕೋಟೆ, ಬೆಂಗಳೂರುಗಳ ಸುತ್ತ ತೋಟಗಾರಿಕೆಯನ್ನೂ ಕರಗವನ್ನೂ ಬೆಳೆಸಿದರು. ದೇವಾಂಗ ಮತ್ತು ಪದ್ಮಶಾಲಿ ನೇಕಾರರು ದೊಡ್ಡಬಳ್ಳಾಪುರವನ್ನು ಮಗ್ಗಗಳ ಊರಾಗಿಸಿದರು. ಕೆರೆ ಅಗೆದು ಕಲ್ಲು ಒಡೆದ ಬೋವಿಗಳು ತೆಲುಗು ನಾಡಿನಿಂದ ಬಂದವರು.

1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯನ್ನು ಮುತ್ತಿದಾಗ ಹೈದರನು ಮೊದಲ ಬಾರಿಗೆ ಹೆಸರು ಗಳಿಸಿದನು. ಮುಂದೆ ಅವನ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. 1791ರಲ್ಲಿ ಕೋಟೆ ಕಾರ್ನ್‌ವಾಲಿಸನ ಕೈಸೇರಿತು.

ಈ ಊರಿನ ಹೆಸರನ್ನು ದೂರದವರೆಗೆ ಒಯ್ದ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಚಕ್ಕೋತವೂ ಪರಸ್ಥಳದ್ದೇ. ಅದರ ತವರು ಆಗ್ನೇಯ ಏಷ್ಯಾ. ಇಲ್ಲಿನ ಮಣ್ಣು ಅದಕ್ಕೆ ಹೊಸ ರುಚಿ ಕೊಟ್ಟಿತು, ಅದು ಈ ಮಣ್ಣಿಗೆ ಹೆಸರು ಕೊಟ್ಟಿತು.

ಬಂದ ಕಥೆಯಿಲ್ಲದವರು

ಇಷ್ಟಕ್ಕೇ ನಿಲ್ಲಿಸಿ ಎಲ್ಲರೂ ವಲಸಿಗರು ಎಂದುಬಿಡುವುದು ಸುಲಭ. ಆದರೆ ದೇವನದೊಡ್ಡಿ ಎಂಬ ಹೆಸರೇ ನಮ್ಮನ್ನು ತಡೆಯುತ್ತದೆ. ದೊಡ್ಡಿಯಿತ್ತೆಂದರೆ ದನಗಳಿದ್ದವು, ದನ ಕಾಯುವವರೂ ಇದ್ದರು. ದೇವನಹಳ್ಳಿಗೆ ಹೋಗುವ ದಾರಿಯಲ್ಲೇ ಇರುವ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕನ್ನಡ ವೀರಗಲ್ಲು ದೊರೆತಿದೆ; ಆವತಿಯ ಬಂಡಿಗಳು ಬರುವುದಕ್ಕೆ ನೂರಾರು ವರ್ಷ ಮೊದಲೇ ಕನ್ನಡ ಬರೆಯುವ, ಓದುವ ಜನ ಈ ಸೀಮೆಯಲ್ಲಿದ್ದರು.

1873ರಲ್ಲಿ ಜೆ. ಎಸ್. ಎಫ್. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿಯು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಹಳೆಯ ಮೈಸೂರಿನ ಒಂದು ಪದ್ಧತಿಯನ್ನು ದಾಖಲಿಸಿದನು. ಊರಿನ ಎಲ್ಲೆಯ ಬಗ್ಗೆ ವ್ಯಾಜ್ಯ ಬಂದಾಗ ತೀರ್ಮಾನಿಸುತ್ತಿದ್ದವನು ಗೌಡನಲ್ಲ, ಶಾನುಭೋಗನೂ ಅಲ್ಲ. ಹೊಲೆಯರ ಕೇರಿಯ ಕುಳವಾಡಿ. ಅವನು ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಎಲ್ಲೆಗುಂಟ ನಡೆಯುತ್ತಿದ್ದನು. ತಪ್ಪಿ ನಡೆದರೆ ಉಂಡೆ ತಾನಾಗಿ ಒಡೆಯುವುದೆಂದು ಜನ ನಂಬಿದ್ದರು. ಈ ಸಮುದಾಯವೇ ಹಿಂದೆ ಊರಿನ ಒಡೆತನ ಹೊಂದಿತ್ತೆಂಬುದಕ್ಕೆ ಇದು ಕುರುಹು ಎಂದು ಮೆಕೆಂಜಿ ಊಹಿಸಿದನು. ಊಹೆಯ ಮಾತು ಹಾಗಿರಲಿ, ಪದ್ಧತಿಯೇ ಸಾಕಷ್ಟನ್ನು ಹೇಳುತ್ತದೆ. ಊರು ಯಾರನ್ನು ತನ್ನೊಳಗೆ ಬಿಟ್ಟುಕೊಳ್ಳಲಿಲ್ಲವೋ, ಊರಿನ ಎಲ್ಲೆಯ ನೆನಪನ್ನು ಅವರ ತಲೆಯ ಮೇಲೆಯೇ ಹೊರಿಸಿತ್ತು. ಬಂದವರಿಗೆಲ್ಲ ಕಥೆಯಿದೆ, ಕೋಟೆಯಿದೆ, ಶಾಸನವಿದೆ. ಮೊದಲಿನಿಂದಲೂ ಇದ್ದವರಿಗೆ ಉಳಿದದ್ದು ಕೇರಿ.

ಸುವಾರ್ತೆ ಬಂದ ಬಗೆ

ನಮ್ಮ ಧರ್ಮಸಭೆಯ ಚರಿತ್ರೆಯೂ ಇದೇ ಎಲ್ಲೆಗಳ ಮೇಲೆ ನಡೆದಿದೆ. 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ಬೋಧಿಸಿದರು. ಆದರೆ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ 18ನೇ ಶತಮಾನದ ಆರಂಭದಲ್ಲಿ ಬಂದವರು ಪುದುಚೇರಿಯ ಫ್ರೆಂಚ್ ಯೇಸುಸಭೆಯವರು. ಅವರ ಮಿಷನ್ನಿನ ಹೆಸರು ‘ಕರ್ನಾಟಿಕ್’. ಬೋಧನೆಯ ಭಾಷೆ ತೆಲುಗು. ಹೀಗೆ ಈ ಸೀಮೆಗೆ ಸುವಾರ್ತೆಯೂ ಗಡಿ ದಾಟಿಯೇ ಬಂದಿತು.

ಆ ಗುರುಗಳು ಕಾವಿಯುಟ್ಟು, ಮಾಂಸ ತ್ಯಜಿಸಿ, ಸನ್ಯಾಸಿಗಳಂತೆ ಬಾಳಿದರು. ಅವರ ತ್ಯಾಗ ದೊಡ್ಡದು. ಆದರೆ ಮೇಲುಜಾತಿಯವರು ದೂರವಾಗಬಾರದೆಂಬ ಕಾಳಜಿಯು ಅವರನ್ನು ಕೇರಿಯಿಂದ ದೂರವಿರಿಸಿತು. ಮಲಬಾರ್ ಆಚರಣೆಗಳ ವಿವಾದವನ್ನು 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಜಗದ್ಗುರುಗಳು ತೀರ್ಮಾನಿಸಿದಾಗಲೂ, ಅಸ್ಪೃಶ್ಯರ ಸೇವೆಗೆಂದೇ ಪ್ರತ್ಯೇಕ ಗುರುಗಳನ್ನು ನೇಮಿಸುವ ಏರ್ಪಾಡಿಗೆ ಒಪ್ಪಿಗೆ ದೊರೆಯಿತು. ಒಂದೇ ದೀಕ್ಷಾಸ್ನಾನ, ಎರಡು ಬಗೆಯ ಗುರುಗಳು! 1950ರ ರಾಷ್ಟ್ರಪತಿ ಆದೇಶವು ಕ್ರೈಸ್ತ ದಲಿತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಹೊರಗಿಟ್ಟಿತೆಂದು ನಾವು ನೊಂದುಕೊಳ್ಳುವುದು ನ್ಯಾಯವೇ. ಆದರೆ ನಮ್ಮಲ್ಲಿ ಜಾತಿಯೇ ಇಲ್ಲವೆಂದು ಹೇಳಿಕೊಂಡು ಆ ನ್ಯಾಯವನ್ನು ಕೇಳಲು ಬಾರದು.

ಇಂದಿನ ಎಲ್ಲೆಗಳು

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ದೇವನಹಳ್ಳಿಗೆ ಹೊಸ ಜನ ಬರುತ್ತಿದ್ದಾರೆ: ಒಡಿಶಾ, ಬಿಹಾರ, ಅಸ್ಸಾಮುಗಳ ಕೂಲಿಕಾರರು, ಕೇರಳ, ತಮಿಳುನಾಡುಗಳ ನೌಕರರು. ಇತ್ತ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಮಿಯನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರವು ಆ ಸ್ವಾಧೀನವನ್ನು ಕೈಬಿಟ್ಟಿತು. ಬಂದವರ ಮತ್ತು ಇದ್ದವರ ನಡುವಿನ ಎಲ್ಲೆ ಮತ್ತೆ ಅಳೆಯಲ್ಪಡುತ್ತಿದೆ.

ಇಂಥ ಊರಿನಲ್ಲಿ ಪೂಜಾಭಾಷೆ ಯಾವುದಿರಬೇಕು? ಎರಡನೇ ವ್ಯಾಟಿಕನ್ ವಿಶ್ವಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದಾಗಿನಿಂದ ಈ ಪ್ರಶ್ನೆ ನಮ್ಮ ಮಹಾಧರ್ಮಕ್ಷೇತ್ರವನ್ನು ನೋಯಿಸಿದೆ. ನನ್ನ ನಿಲುವು ಇದು: ಕನ್ನಡವೇ ಇಲ್ಲಿ ಸಭೆ ಕೂಡುವ ಭಾಷೆಯಾಗಬೇಕು. ಅದು ಮೊದಲು ಬಂದವರ ಸೊತ್ತೆಂದಲ್ಲ. ತೆಲುಗು, ಮರಾಠಿ, ಉರ್ದು, ತಮಿಳು ಮನೆಮಾತಿನವರೆಲ್ಲ ಸಂತೆಯಲ್ಲಿ, ಕೆರೆಯ ಏರಿಯ ಮೇಲೆ ಪರಸ್ಪರ ಮಾತಾಡಿಕೊಂಡ ಭಾಷೆ ಅದು. ಹಾಗೆಂದು ಒಡಿಯಾ ಕೂಲಿಕಾರನ ಪಾಪನಿವೇದನೆಗೆ ಅವನ ಭಾಷೆ ಬಲ್ಲ ಗುರುವನ್ನು ಹುಡುಕಿ ಕರೆತರುವುದು ನಾವು ತೋರುವ ಔದಾರ್ಯವಲ್ಲ, ಅವನ ಹಕ್ಕು.

ಧರ್ಮೋಪದೇಶಕಾಂಡದ 26ನೇ ಅಧ್ಯಾಯವು, ಪ್ರಥಮ ಫಲಗಳ ಬುಟ್ಟಿಯನ್ನು ಹೊತ್ತು ತಂದವನು ಮೊದಲು ತನ್ನ ಪೂರ್ವಜರ ಅಲೆದಾಟವನ್ನು ಹೇಳಬೇಕೆಂದು ವಿಧಿಸುತ್ತದೆ. ಆಮೇಲೆ ಪರದೇಶಿಯೊಡನೆ ಕೂಡಿ ಸಂತೋಷಪಡಬೇಕೆನ್ನುತ್ತದೆ. ಗುರುಮಠದಿಂದ ಹೊರಟು ಗ್ರಾಮಾಂತರದ ಧರ್ಮಕೇಂದ್ರಗಳಿಗೆ ಹೋಗುವ ಸೋದರರಲ್ಲಿ ನನ್ನ ವಿನಂತಿ: ಕುಟುಂಬಗಳ ಪುಸ್ತಕದಲ್ಲಿ ಭಾಷೆಯ ಕಾಲಂ ತುಂಬುವ ಮುನ್ನ ಪ್ರತಿ ಮನೆಯ ಜಗಲಿಯ ಮೇಲೆ ಕೂತು, ಈ ಕುಟುಂಬ ಎಲ್ಲಿಂದ, ಯಾವಾಗ, ಏಕೆ ಬಂತೆಂದು ಕೇಳಿ. ನಾವು ಎಲ್ಲಿಂದಲೂ ಬಂದವರಲ್ಲ, ಇಲ್ಲೇ ಇದ್ದವರು ಎನ್ನುವ ಮನೆಯಲ್ಲಿ ಇನ್ನಷ್ಟು ಹೊತ್ತು ಕೂರಿ.

ಆ ಹಿರಿಯರ ಮನೆಗೆ ನಾನು ಹೋಗಿ ಕೂತದ್ದು ಸಮೀಕ್ಷೆ ಮುಗಿದ ಮೇಲೆ. ಅದಕ್ಕೆ ಮೊದಲೇ ಹೋಗಬೇಕಿತ್ತು.