ಚಂದನ ವಾಹಿನಿ: ತುಮಕೂರು ಸೀಮೆಯಲ್ಲಿ ವೀಕ್ಷಕರ ಇಳಿಕೆ

ಚಂದನ, ಪ್ರಸಾರ ಭಾರತಿಯ ಅಧೀನದಲ್ಲಿರುವ ದೂರದರ್ಶನದ ಕನ್ನಡ ವಾಹಿನಿ. 1981ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದ ಮೇಲೆ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಟಿ.ವಿ. ಎಂದರೆ ದೂರದರ್ಶನವೇ ಆಗಿತ್ತು. ಚಿತ್ರ ಮಸುಕಾದರೆ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕಿತ್ತು, ಕೆಳಗಿದ್ದವರು ‘ಬಂತು, ಬಂತು’ ಎಂದು ಕೂಗಬೇಕಿತ್ತು. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ ಎಂಬ ಖಾಸಗಿ ವಾಹಿನಿಗಳು ಬಂದವು. ಅವುಗಳ ಧಾರಾವಾಹಿಗಳು ಸಂಜೆಯ ಹೊತ್ತನ್ನು ಕಸಿದುಕೊಂಡವು. 1995ರ ಕೇಬಲ್ ಕಾಯ್ದೆ ದೂರದರ್ಶನ ವಾಹಿನಿಗಳ ಮರುಪ್ರಸಾರವನ್ನು ಕಡ್ಡಾಯ ಮಾಡಿದರೂ ನೋಡುಗರನ್ನು ಹಿಡಿದಿಡಲಾಗಲಿಲ್ಲ. ಇದರ ನಡುವೆಯೂ 2002ರಲ್ಲಿ ಶುರುವಾದ, ಡಾ. ನಾ. ಸೋಮೇಶ್ವರ ನಡೆಸಿಕೊಡುವ ರಸಪ್ರಶ್ನೆ ‘ಥಟ್ ಅಂತ ಹೇಳಿ’ ಮನೆಮಾತಾಯಿತು. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ವೀಕ್ಷಕರ ಇಳಿಕೆಯನ್ನು ಜಾಹೀರಾತಿನ ಲೆಕ್ಕದಲ್ಲಷ್ಟೇ ಅಳೆಯುವುದು ಸರಿಯಲ್ಲ: ತಿಂಗಳ ಚಂದಾ ಕಟ್ಟಲಾಗದ ಮನೆಗಳಿಗೆ ದೂರದರ್ಶನದ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಉಚಿತವಾಗಿ ಸಿಗುತ್ತದೆ.