ಸರ್ವೀಸ್ ಬಿಲ್‌ನಲ್ಲಿ ‘ಲೇಬರ್’ ಅಂದ್ರೆ ಯಾರ ಕೂಲಿ?

ಕಳೆದ ತಿಂಗಳು ಅಪ್ಪನ ಕಾರನ್ನು ಶೋರೂಮಿನಲ್ಲೇ ಸರ್ವೀಸ್ ಮಾಡಿಸಿದೆ. ಬಿಲ್ ನೋಡಿದರೆ ಬಿಡಿಭಾಗಗಳಿಗಿಂತ ಲೇಬರ್ ಚಾರ್ಜೇ ಜಾಸ್ತಿ. ‘ಇದ್ರಲ್ಲಿ ನಿಮಗೆಷ್ಟು ಸಿಗುತ್ತೆ?’ ಅಂತ ಮೆಕ್ಯಾನಿಕ್ ಹುಡುಗನನ್ನು ಕೇಳಿದೆ. ‘ನಮಗೆ ತಿಂಗಳ ಸಂಬಳ ಅಷ್ಟೇ ಸರ್’ ಅಂದ.

ಲೆಕ್ಕ ಹೀಗಿದೆ: ಒಂದೊಂದು ಕೆಲಸಕ್ಕೂ ಇಂತಿಷ್ಟು ಸಮಯ ಅಂತ ಮೊದಲೇ ನಿಗದಿಯಾಗಿರುತ್ತೆ. ಅದನ್ನು ಗಂಟೆಯ ದರದಿಂದ ಗುಣಿಸಿದರೆ ಲೇಬರ್ ಚಾರ್ಜ್. ಒಂದು ಗಂಟೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿದರೂ ನಾವು ಕೊಡೋದು ಒಂದು ಗಂಟೆಗೇ. ಶೆಡ್ ಬಾಡಿಗೆ, ಯಂತ್ರಗಳು, ಅಡ್ವೈಸರ್ ಸಂಬಳ, ಡೀಲರ್ ಲಾಭ ಎಲ್ಲವೂ ಆ ದರದೊಳಗೇ. ಮೇಲೆ ಶೇ 18 ಜಿಎಸ್‌ಟಿ.

ಹೊರಗಿನ ಗ್ಯಾರೇಜಿಗೆ ಹೋಗಬಹುದಲ್ವಾ? ಅಸಲಿ ರಾಜಕೀಯ ಇರೋದು ಇಲ್ಲೇ. ಬಿಡಿಭಾಗ, ದೋಷ ಪತ್ತೆಯ ಉಪಕರಣಗಳು ಹೊರಗಿನವರಿಗೆ ಸಿಗದಂತೆ ತಡೆದಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಮಾಡಬಾರದು ಎಂದೂ ಹೇಳಿತು. ಕಂಪನಿಗಳು ಕೋರ್ಟ್ ಮೆಟ್ಟಿಲೇರಿದವು. 2022ರಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಆದರೆ ಪೋರ್ಟಲ್ ಕಾನೂನಲ್ಲ.

ಸದ್ಯಕ್ಕೆ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ಲೇಬರ್ ಎಷ್ಟು ಗಂಟೆ, ಯಾವ ದರ ಅಂತ ಬರೆಸಿಕೊಳ್ಳಿ. ಕೇಳದ ಕೆಲಸ ಸೇರಿಸಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ ಸಿಟ್ಟನ್ನು ಆ ಹುಡುಗನ ಮೇಲೆ ತೀರಿಸಬೇಡಿ. ಬಿಲ್‌ನಲ್ಲಿರೋದು ಅವನ ಕೆಲಸದ ಹೆಸರು ಮಾತ್ರ, ದುಡ್ಡು ಅವನದಲ್ಲ.